ಪ್ರತಿಕ್ರಿಯೆ: ಪ್ರಾರ್ಥನೆ ಒಣಗಿಹೋದಾಗ

ನಮಸ್ಕಾರ. ದಿನಾ ಪ್ರಾರ್ಥನೆಗೆ ಕೂತರೂ ಗೋಡೆಗೆ ಮಾತಾಡಿದ ಹಾಗಿರುತ್ತದೆ, ಮಿಷನರಿಗಳಿಗೂ ಹೀಗಾಗಿತ್ತಾ ಅಂತ ಕೇಳಿದ್ದೀರಿ. ಆಗಿತ್ತು, ಇದಕ್ಕಿಂತ ಜಾಸ್ತಿಯೇ.

ಅಮೆರಿಕದ ಮಿಷನರಿ ಅಡೋನಿರಾಮ್ ಜಡ್ಸನ್ 1813ರಲ್ಲಿ ಬರ್ಮಾಕ್ಕೆ (ಈಗಿನ ಮ್ಯಾನ್ಮಾರ್) ಹೋದವರು. ಬರ್ಮೀಯರೊಬ್ಬರು ಮೊದಲ ಸಲ ಅವರಿಂದ ಕ್ರೈಸ್ತ ದೀಕ್ಷೆ ಪಡೆದದ್ದು 1819ರಲ್ಲಿ. ಅಂದರೆ ಆರು ವರ್ಷ ಕೈಗೆ ಏನೂ ಹತ್ತಲಿಲ್ಲ. ಆಮೇಲೆ ಯುದ್ಧ ಬಂತು, ಬೇಡಿ ಬಿತ್ತು, ಜೈಲಾಯಿತು. ಅದನ್ನೆಲ್ಲ ತಡೆದುಕೊಂಡರು. ಕುಸಿದದ್ದು ಬಿಡುಗಡೆಯಾದ ಮೇಲೆ. 1826ರಲ್ಲಿ ಹೆಂಡತಿ ಆನ್ ತೀರಿಕೊಂಡರು, ಆರೇ ತಿಂಗಳಿಗೆ ಪುಟ್ಟ ಮಗಳು ಮರಿಯಾ.

ಜಡ್ಸನ್ ಕಾಡಿನಲ್ಲಿ ಗುಡಿಸಲು ಹಾಕಿಕೊಂಡು ಒಬ್ಬರೇ ಇರತೊಡಗಿದರು. ತಮಗೇ ಒಂದು ಗುಂಡಿ ತೋಡಿ, ಅದರ ಪಕ್ಕ ಕೂತು ಸಾವನ್ನೇ ಯೋಚಿಸುತ್ತಿದ್ದರು. ದೇವರನ್ನು ನಂಬುತ್ತೇನೆ, ಆದರೆ ಆತ ಸಿಗುತ್ತಿಲ್ಲ ಅಂತ 1829ರಲ್ಲಿ ಬರೆದರು. ಬೋಧಕರೊಬ್ಬರು ಹೀಗೆ ಬರೆಯೋದು ಸುಮ್ನೆ ಅಲ್ಲ, ಅಲ್ವಾ?

ಕತ್ತಲೆ ಒಂದೇ ದಿನದಲ್ಲಿ ಕರಗಲಿಲ್ಲ. ನಿಧಾನವಾಗಿ ಜನರ ನಡುವೆ ಮರಳಿದರು, ಭಾಷಾಂತರಕ್ಕೆ ಕೂತರು. 1834ರಲ್ಲಿ ಬರ್ಮೀ ಬೈಬಲ್ ಅನುವಾದ ಮುಗಿಯಿತು.

ಗುಂಡಿ ಪಕ್ಕ ಕೂತದ್ದನ್ನು ನಾನು ಭಕ್ತಿ ಅನ್ನಲ್ಲ, ಅದು ದುಃಖ. ನಿಮಗೂ ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡ ನೋವಿದೆಯಾ? ಇದ್ದರೆ ಒಬ್ಬರೇ ಇರಬೇಡಿ, ನಂಬುವ ಒಬ್ಬರ ಹತ್ತಿರ ಹೇಳಿಕೊಳ್ಳಿ.