ರಾಮಾಮಾತ್ಯನ ಮುಖಾರಿ ಯಾವುದು?

ಪ್ರಶ್ನೆ: ವಿಜಯನಗರದ ರಾಮಾಮಾತ್ಯ ಬರೆದ ಸಂಗೀತಗ್ರಂಥ ‘ಸ್ವರಮೇಲಕಲಾನಿಧಿ’ 1550ರದ್ದು ಎಂದು ಎಲ್ಲೆಡೆ ಓದುತ್ತೇನೆ. ಇಷ್ಟು ಖಚಿತವಾಗಿ ಹೇಳಲು ಆಧಾರವೇನು?

ಉತ್ತರ: ಆಧಾರ ಗ್ರಂಥದೊಳಗೇ ಇದೆ. ಕೊನೆಯಲ್ಲಿ ಶಕವರ್ಷವನ್ನು ನೇತ್ರ, ಧರಾಧರ, ಅಬ್ಧಿ, ಧರಣಿ ಎಂಬ ಪದಗಳಲ್ಲಿ ಕಟ್ಟಿದ್ದಾನೆ. ಕಣ್ಣು 2, ಬೆಟ್ಟ 7, ಕಡಲು 4, ಭೂಮಿ 1. ಈ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹೊಸಬರು ಎಡವುವುದು ಇಲ್ಲೇ, 2741 ಎಂದು ಬರೆದುಕೊಂಡುಬಿಡುತ್ತಾರೆ. ಸರಿಯಾದದ್ದು ಶಕ 1472. ಮಾಸ ಶ್ರಾವಣವಾದ್ದರಿಂದ 78 ಕೂಡಿಸಬೇಕು, ಮಾಘವೋ ಫಾಲ್ಗುಣವೋ ಆಗಿದ್ದರೆ 79. ಹಾಗಾಗಿ ಕ್ರಿ.ಶ. 1550.

ನಕಲು ಮಾಡಿದವರ ಕೈಯಲ್ಲಿ ಒಂದು ಪದ ಕೆಟ್ಟಿದ್ದರೆ? ಅದನ್ನು ಹಿಡಿಯಲು ಸಂವತ್ಸರದ ಹೆಸರಿದೆ: ಸಾಧಾರಣ. 1472ಕ್ಕೆ 12 ಸೇರಿಸಿ 60ರಿಂದ ಭಾಗಿಸಿ, ಶೇಷ 44. ಪ್ರಭವದಿಂದ ಎಣಿಸಿದರೆ 44ನೆಯದು ಸಾಧಾರಣವೇ. ಆಶ್ರಯ ಕೊಟ್ಟ ಅಳಿಯ ರಾಮರಾಯ ತೀರಿಕೊಂಡದ್ದು 1565ರಲ್ಲಿ, ಅದಕ್ಕೂ ತಾಳೆಯಾಗುತ್ತದೆ.

ಪ್ರಶ್ನೆ: ವೀಣೆ ಕಲಿಯುತ್ತಿದ್ದೇನೆ. ರಾಮಾಮಾತ್ಯನ ಮುಖಾರಿ ರಾಗಕ್ಕೆ ಏಳೂ ಶುದ್ಧಸ್ವರಗಳು, ಶುದ್ಧ ರಿಷಭಕ್ಕೆ 3 ಶ್ರುತಿ (ಒಂದು ಸ್ಥಾಯಿಯಲ್ಲಿ 22 ಎಂದು ಎಣಿಸುವ ಸೂಕ್ಷ್ಮ ಅಂತರ). ಸ್ಥಾಯಿಯನ್ನು 22 ಪಾಲು ಮಾಡಿ ನೋಡಿದರೆ ಆ ರಿಷಭ ವೀಣೆಯ ಯಾವ ಮೆಟ್ಟಿಲಿಗೂ (ತಂತಿ ಒತ್ತುವ ಪಟ್ಟಿಗೂ) ಕೂರುವುದಿಲ್ಲ. ತಪ್ಪೆಲ್ಲಿ?

ಉತ್ತರ: ಶ್ರುತಿ ಸಂಖ್ಯೆಯನ್ನು ಅಳತೆ ಎಂದು ನಂಬಿದ್ದೇ ತಪ್ಪು. 22 ಸಮಪಾಲು ಮಾಡಿದರೆ 3 ಶ್ರುತಿ ಸುಮಾರು 164 ಸೆಂಟ್ ಆಗುತ್ತದೆ (ಇಡೀ ಸ್ಥಾಯಿ 1200 ಸೆಂಟ್). ನಿಮ್ಮ ಮೊದಲ ಮೆಟ್ಟಿಲು ಇರುವುದು 100ರ ಆಸುಪಾಸಿನಲ್ಲಿ.

ಶ್ರುತಿಯ ಎಣಿಕೆ ‘ಸಂಗೀತರತ್ನಾಕರ’ದಂಥ ಹಳೆಯ ಗ್ರಂಥಗಳಿಂದ ಬಂದ ಮಾತು. ರಾಮಾಮಾತ್ಯನ ನಿಜವಾದ ಸ್ವರಸ್ಥಾನ ತಿಳಿಯಲು ಅವನ ಗ್ರಂಥದ ವೀಣಾಪ್ರಕರಣಕ್ಕೆ, ಅಂದರೆ ವೀಣೆಯ ಅಧ್ಯಾಯಕ್ಕೆ, ಹೋಗಬೇಕು. ಅಲ್ಲಿ ಅವನು ಹೇಳುವ ಶುದ್ಧಮೇಲ ವೀಣೆಯ ಷಡ್ಜದ ತಂತಿಯಲ್ಲಿ ಆರು ಮೆಟ್ಟಿಲಿಗೆ ಕ್ರಮವಾಗಿ ಶುದ್ಧ ರಿ, ಶುದ್ಧ ಗ, ಸಾಧಾರಣ ಗ, ಚ್ಯುತಮಧ್ಯಮ ಗ, ಶುದ್ಧ ಮ, ಚ್ಯುತಪಂಚಮ ಮ. ಅದೇ ಮೆಟ್ಟಿಲುಗಳು ಪಂಚಮದ ತಂತಿಯಲ್ಲಿ ಶುದ್ಧ ಧ, ಶುದ್ಧ ನಿ, ಕೈಶಿಕಿ ನಿ, ಚ್ಯುತಷಡ್ಜ ನಿ, ಷಡ್ಜ, ಕೊನೆಗೆ ಮತ್ತೆ ಶುದ್ಧ ರಿ.

ಈ ಕೊನೆಯ ಸ್ವರವೇ ಗಂಟು ಬಿಡಿಸುತ್ತದೆ. ನಿಮ್ಮ ವೀಣೆಯಲ್ಲೇ ನೋಡಿ. ಪಂಚಮದ ತಂತಿಯ ಐದನೇ ಮೆಟ್ಟಿಲಲ್ಲಿ ಷಡ್ಜ, ಆರನೆಯದರಲ್ಲಿ ಸಾರಣಿಯ (ಷಡ್ಜದ ಮುಖ್ಯ ತಂತಿಯ) ಮೊದಲ ಮೆಟ್ಟಿಲಿನ ಸ್ವರ. ಈ ಆರನೇ ಮೆಟ್ಟಿಲಿನ ಸ್ವರ, ಸಾರಣಿಯ ಆ ಸ್ವರ ಎರಡೂ ಒಂದೇ ಎಂದು ಕಿವಿ ಹೇಳದಿದ್ದರೆ ತಂತಿಯ ಶ್ರುತಿ ಜಾರಿರಬೇಕು, ಇಲ್ಲವೇ ಮೇಣದಲ್ಲಿ ಮೆಟ್ಟಿಲು ಸರಿದಿರಬೇಕು. ಷಡ್ಜದಿಂದ ಒಂದೇ ಮೆಟ್ಟಿಲು ಮೇಲಿರುವುದರಿಂದ ಅವನ ಶುದ್ಧ ರಿಷಭ ಇಂದಿನ ಶುದ್ಧ ರಿಷಭವೇ, ಶುದ್ಧ ಗಾಂಧಾರ ಎರಡನೇ ಮೆಟ್ಟಿಲು. ಅವನ ಲೆಕ್ಕದಲ್ಲಿ ಈ ಆರು ಮೆಟ್ಟಿಲುಗಳ ನಡುವಿನ ಶ್ರುತಿ 3, 2, 1, 2, 1, 3. ಕೈಗೆ ಸಿಗುವುದು ಮಾತ್ರ ಪ್ರತಿ ಸಲವೂ ಒಂದೇ ಮೆಟ್ಟಿಲು!

ಹೀಗೆ ನುಡಿಸಿದರೆ ಅವನ ಮುಖಾರಿಮೇಲ (ಮೇಲ ಎಂದರೆ ರಾಗಗಳಿಗೆ ಆಧಾರವಾದ ಸ್ವರಗುಂಪು) ಇಂದಿನ ಕನಕಾಂಗಿ ರಾಗದ ಸ್ವರಗಳಲ್ಲಿ ನಿಲ್ಲುತ್ತದೆ. ನೀವು ಪಾಠದಲ್ಲಿ ಕಲಿತ ಮುಖಾರಿ ಖರಹರಪ್ರಿಯ ರಾಗದಿಂದ ಹುಟ್ಟಿದ ಜನ್ಯ, ಎರಡನೇ ಮೆಟ್ಟಿಲಿನ ಚತುಶ್ರುತಿ ರಿಷಭದ್ದು. ಹೆಸರೊಂದೇ ಉಳಿದಿದೆ. ಮುಂದೆ ಮೇಲಪ್ರಕರಣ ಓದುವಾಗ ಅಂತರ ಗ, ಕಾಕಲಿ ನಿ ಎಂಬ ಸ್ವರಗಳಿಗೆ ಬೇರೆ ಮೆಟ್ಟಿಲು ಹುಡುಕಬೇಡಿ. ಚ್ಯುತಮಧ್ಯಮ ಗ, ಚ್ಯುತಷಡ್ಜ ನಿಗಳನ್ನೇ ಅವುಗಳ ಪ್ರತಿನಿಧಿಯಾಗಿ ಹಿಡಿಯಲು ಅವನೇ ಹೇಳಿದ್ದಾನೆ.