ಕಾಗದ ಸುತ್ತಿದ ಗುಂಡು ನಾಲ್ಕನೆಯ ಹೊಡೆತದಿಂದ ದಾರಿ ತಪ್ಪುವುದೇಕೆ?

ಪ್ರಶ್ನೆ: ನಾನು ಮೂಲತಃ ಕೊಡಗಿನವನು, ಈಗ ಅಮೆರಿಕದ ಕೊಲೊರಾಡೊದಲ್ಲಿದ್ದೇನೆ. 1874ರ ಶಾರ್ಪ್ಸ್ ರೈಫಲ್ ಮಾದರಿಯ, .45-70 ತೋಟಾ ಬಳಸುವ ಕೋವಿಯಲ್ಲಿ ಕರಿಮದ್ದು ಹಾಗೂ ಕಾಗದ ಸುತ್ತಿದ ಸೀಸದ ಗುಂಡು ಬಳಸಿ 200 ಗಜದ ಗುರಿಗೆ ಹೊಡೆಯುತ್ತೇನೆ. ಮೊದಲ ಮೂರು ಗುಂಡುಗಳು ಅಂಗೈಯಗಲದೊಳಗೆ ಬೀಳುತ್ತವೆ. ನಾಲ್ಕನೆಯದರಿಂದ ಚದುರುತ್ತವೆ, ಕೆಲವು ತೂತುಗಳು ಮೊಟ್ಟೆಯಾಕಾರದಲ್ಲಿರುತ್ತವೆ. ಒಮ್ಮೊಮ್ಮೆ ತೋಟಾ ಕೂರುವ ಚೇಂಬರ್‌ನ ಮುಂಭಾಗದಲ್ಲಿ ಕಾಗದದ ಬಳೆಯಂಥ ತುಣುಕು ಉಳಿದಿರುತ್ತದೆ. ಮಿಶ್ರಲೋಹ 40 ಪಾಲು ಸೀಸಕ್ಕೆ 1 ಪಾಲು ತವರ; ಕಾಗದದ ಅಂಚನ್ನು ಗೋಂದಿನಿಂದ ಅಂಟಿಸುತ್ತೇನೆ; ಕೆಲವು ಹೊಡೆತಗಳಿಗೊಮ್ಮೆ ಮಾತ್ರ ನಳಿಕೆ ಒರೆಸುತ್ತೇನೆ. ಮದ್ದು ಹೆಚ್ಚಿಸಿ ನೋಡಿದೆ, ಇನ್ನೂ ಕೆಟ್ಟಿತು. ದೋಷ ಎಲ್ಲಿದೆ?

ಉತ್ತರ: ಮೊದಲು ಮದ್ದಿನ ತೂಕವನ್ನು ಹಿಂದಿದ್ದಲ್ಲಿಗೇ ಇಳಿಸಿ. ಗುರಿ ಕೆಟ್ಟ ಕೂಡಲೇ ಮದ್ದಿಗೆ ಕೈಹಾಕುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಆದರೆ ಕಾಗದ ಸುತ್ತಿದ ಗುಂಡಿನ ವಿಷಯದಲ್ಲಿ ದೋಷದ ಸಾಕ್ಷಿ ಇರುವುದು ಕೋವಿಯ ಮುಂದೆ ನೆಲದ ಮೇಲೆ ಬಿದ್ದ ಕಾಗದದ ಚಿಂದಿಯಲ್ಲಿ. ರೇಂಜ್‌ನಲ್ಲಿ ಎಲ್ಲರೂ ಹೊಡೆಯುವುದನ್ನು ನಿಲ್ಲಿಸಿ, ಮುಂದೆ ಹೋಗಲು ಅನುಮತಿ ಸಿಕ್ಕ ಮೇಲೆ, ನಳಿಕೆಯ ಬಾಯಿಂದ ಹತ್ತಿಪ್ಪತ್ತು ಅಡಿಯೊಳಗೆ ಹುಡುಕಿ ಆ ಚೂರುಗಳನ್ನು ಆರಿಸಿ ತನ್ನಿ. ಎಲ್ಲವೂ ಸರಿಯಾಗಿದ್ದರೆ, ನಳಿಕೆಯೊಳಗಿನ ಸುರುಳಿ ತೋಡುಗಳ ನಡುವಿನ ಏಣುಗಳು ಒತ್ತಿದ ಕಡೆ ಉದ್ದಕ್ಕೆ ನೇರವಾಗಿ ಸೀಳಿದ ಸಣ್ಣ ಪಟ್ಟಿಗಳು ಸಿಗುತ್ತವೆ. ಅವುಗಳ ಅಂಚು ಶುಭ್ರವಾಗಿರುತ್ತದೆ, ಸುಟ್ಟ ಕಲೆ ಅಷ್ಟಾಗಿ ಇರುವುದಿಲ್ಲ. ಚೂರಿನ ಒಂದು ಬದಿ ಕರಕಲಾಗಿದ್ದರೆ ಬಿಸಿ ಅನಿಲ ಗುಂಡನ್ನು ದಾಟಿ ಮುಂದೆ ನುಗ್ಗಿದೆ ಎಂದರ್ಥ. ಅಡ್ಡಡ್ಡ ಹರಿದಿದ್ದರೆ ನಳಿಕೆಯೊಳಗೆ ಯಾವುದೋ ಒರಟು ಅಂಚಿಗೆ ಅಥವಾ ಗಟ್ಟಿಯಾದ ಮಸಿಗೆ ಕಾಗದ ಸಿಕ್ಕಿದೆ. ಚೂರೇ ಸಿಗದಿದ್ದರೆ ಕಾಗದ ಗುಂಡನ್ನು ಬಿಡದೆ ಜೊತೆಯಲ್ಲೇ ಹೋಗಿರಬಹುದೆಂದು ಶಂಕಿಸಬೇಕು.

ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಆ ಕಾಗದದ ಬಳೆ. .45-70 ತೋಟಾದ ಹಿತ್ತಾಳೆ ಕೇಸಿನ ಉದ್ದ ನಿಗದಿಯಂತೆ 2.105 ಅಂಗುಲ. ನೇರ ಗೋಡೆಯ ಕೇಸುಗಳು ಹೊಡೆದಂತೆಲ್ಲ ತುಸು ಮೋಟಾಗುತ್ತವೆ. ಚೇಂಬರ್ ಮಾತ್ರ ಎಷ್ಟಿತ್ತೋ ಅಷ್ಟೇ ಇರುತ್ತದೆ. ಹೀಗಾಗಿ ಕೇಸಿನ ಬಾಯಿಗೂ ಚೇಂಬರ್ ಮುಗಿಯುವ ಮೆಟ್ಟಿಲಿಗೂ ನಡುವೆ ಒಂದು ಸಂದು ಉಳಿಯುತ್ತದೆ. ಮದ್ದು ಉರಿದ ಕ್ಷಣದಲ್ಲಿ ಮೆತ್ತನೆಯ ಸೀಸ ಹಿಂದಿನಿಂದ ಒತ್ತಿಸಿಕೊಂಡು ಉಬ್ಬುತ್ತದೆ. ತೋಡುಗಳನ್ನು ತುಂಬಿಕೊಳ್ಳಲು ಅದು ಉಬ್ಬಲೇಬೇಕು, ಈ ಪದ್ಧತಿ ನಿಂತಿರುವುದೇ ಅದರ ಮೇಲೆ. ಆದರೆ ಸಂದು ಸಿಕ್ಕಿದರೆ ಅದು ಅಲ್ಲಿಗೂ ಉಬ್ಬುತ್ತದೆ, ಮೆಟ್ಟಿಲಿನ ಅಂಚು ಕಾಗದವನ್ನು ಸುತ್ತಲೂ ಕತ್ತರಿಸಿ ಬಳೆಯಾಗಿ ಹಿಂದೆ ಉಳಿಸಿಕೊಳ್ಳುತ್ತದೆ. ಆ ಗುಂಡು ಹಿಂಭಾಗದಲ್ಲಿ ಕಾಗದವಿಲ್ಲದೆ ಉಕ್ಕಿಗೆ ಉಜ್ಜಿಕೊಂಡು ಹೋಗುತ್ತದೆ, ಮುಂದಿನ ಗುಂಡು ಬಳೆಯನ್ನೇ ಎದುರಿಸಬೇಕಾಗುತ್ತದೆ. ಒಂದು ಬಳೆಯಿಂದ ಎರಡು ಗುಂಡು ಕೆಡುತ್ತವೆ. ನೀವು ಮದ್ದು ಹೆಚ್ಚಿಸಿದಾಗ ಒತ್ತಡ ಏರಿ ಉಬ್ಬುವಿಕೆಯೂ ಏರಿತು. ಗುರಿ ಇನ್ನಷ್ಟು ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಪರಿಹಾರ ಅಳತೆಯಿಂದ ಶುರುವಾಗಬೇಕು. ಖಾಲಿ ಕೋವಿಯ ಚೇಂಬರ್‌ನಲ್ಲಿ ಗಂಧಕ ಅಥವಾ ಕಡಿಮೆ ಶಾಖಕ್ಕೆ ಕರಗುವ ಲೋಹದ ಅಚ್ಚು ತೆಗೆಸಿ ನಿಜವಾದ ಉದ್ದವನ್ನು ಕಂಡುಕೊಳ್ಳಿ, ಕೇಸುಗಳನ್ನು ಅದಕ್ಕೆ ಒಂದೆರಡು ಸಾವಿರಾಂಶ ಅಂಗುಲದಷ್ಟು ಹತ್ತಿರದ ಉದ್ದಕ್ಕೆ ಆರಿಸಿ ಕತ್ತರಿಸಿ. ಜೊತೆಗೆ 1:40ರ ಮಿಶ್ರಣವನ್ನು ಬಿಟ್ಟು 1:20 ಅಥವಾ 1:16ಕ್ಕೆ ಬನ್ನಿ. ತುಸು ಗಡಸಾದ ಗುಂಡು ತೋಡುಗಳಿಗೆ ಸಾಕಾಗುವಷ್ಟು ಉಬ್ಬುತ್ತದೆ, ಸಂದಿನೊಳಕ್ಕೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಗುಂಡಿನ ಮೂತಿ ಒಂದು ಕಡೆಗೆ ಕುಸಿಯುವ ಭಯವೂ ಕಡಿಮೆಯಾಗುತ್ತದೆ.

ಇನ್ನು ಗೋಂದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಸೀಸ ಮತ್ತು ಉಕ್ಕಿನ ನಡುವೆ ಹಾಸಾಗಿದ್ದು, ನಳಿಕೆಯ ಬಾಯಲ್ಲಿ ಗುಂಡನ್ನು ಬಿಟ್ಟು ಹಾರಿಹೋಗುವುದು ಕಾಗದದ ಕೆಲಸ. 1857ರ ಸಿಪಾಯಿಗಳ ಅಸಮಾಧಾನಕ್ಕೆ ಕಾರಣವಾದ ಎನ್‌ಫೀಲ್ಡ್ ತೋಟಾವನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅದರಲ್ಲಿಯೂ ಜಿಡ್ಡು ಹಚ್ಚಿದ ಕಾಗದ ಗುಂಡಿನ ಸುತ್ತ ಇದ್ದಂತೆಯೇ ನಳಿಕೆಗೆ ಇಳಿದು ಇದೇ ಕೆಲಸ ಮಾಡುತ್ತಿತ್ತು. ಅಂಟಿಕೊಂಡ ಕಾಗದ ಒಂದು ಬದಿಯಲ್ಲಿ ಉಳಿದು ಇನ್ನೊಂದು ಬದಿಯಲ್ಲಿ ಕಳಚಿದರೆ ಗುಂಡು ಗಾಳಿಯಲ್ಲಿ ಓಲಾಡುತ್ತದೆ, ಗುರಿಹಲಗೆಯಲ್ಲಿ ಮೊಟ್ಟೆಯಾಕಾರದ ತೂತು ಬೀಳುತ್ತದೆ.

ಗೋಂದಿಲ್ಲದೆ ಕಾಗದ ನಿಲ್ಲುವುದೇ ಎಂಬ ಅನುಮಾನ ಬೇಡ. ಹತ್ತಿಯ ನಾರಿನ ತೆಳು ಕಾಗದವನ್ನು ಓರೆ ಅಂಚಿನ ಪಟ್ಟಿಯಾಗಿ ಕತ್ತರಿಸಿ, ನೀರಿನಲ್ಲಿ ನೆನೆಸಿ, ಗುಂಡಿನ ಸುತ್ತ ಸರಿಯಾಗಿ ಎರಡು ಸುತ್ತು ಬಿಗಿಯಾಗಿ ಉರುಳಿಸಿ. ಎರಡೂ ಓರೆ ಅಂಚುಗಳು ಒಂದೇ ಗೆರೆಯಲ್ಲಿ ಕೂಡಬೇಕು. ಒಂದರ ಮೇಲೊಂದು ಹತ್ತಬಾರದು, ನಡುವೆ ಸಂದೂ ಬಿಡಬಾರದು. ಬೆರಳ ತುದಿಯಿಂದ ಸವರಿದಾಗ ಅಲ್ಲಿ ಉಬ್ಬು ತಗುಲಿದರೆ ಬಿಚ್ಚಿ ಮತ್ತೆ ಸುತ್ತಿ. ಗುಂಡಿನ ಹಿಂದೆ ಉಳಿದ ಕಾಗದದ ಬಾಲವನ್ನು ತಳಕ್ಕೆ ಮಡಚಿ ನೆರಳಿನಲ್ಲಿ ರಾತ್ರಿಯಿಡೀ ಒಣಗಿಸಿದರೆ ಕಾಗದ ತಾನೇ ಕುಗ್ಗಿ ಡೋಲಿನ ಚರ್ಮದಂತೆ ಬಿಗಿದುಕೊಳ್ಳುತ್ತದೆ. 0.002 ಅಂಗುಲ ದಪ್ಪದ ಕಾಗದ ಎರಡು ಸುತ್ತಿಗೆ ವ್ಯಾಸವನ್ನು 0.008 ಅಂಗುಲ ಹೆಚ್ಚಿಸುತ್ತದೆ. ಏಣುಗಳ ನಡುವಿನ ಅಳತೆ 0.450 ಇರುವ ನಳಿಕೆಗೆ 0.442ರ ಗುಂಡು ಕಾಗದ ಸುತ್ತಿದ ಮೇಲೆ ಸರಿಹೋಗುತ್ತದೆ. ಒರೆಸಿದ ನಳಿಕೆಯೊಳಕ್ಕೆ ಅದು ಹೆಬ್ಬೆರಳಿನ ಒತ್ತಿಗೆ ಇಳಿಯಬೇಕು.

ನಾಲ್ಕನೆಯ ಹೊಡೆತದ ಗುಟ್ಟು ನೀವೀಗ ಇರುವ ಊರಿನ ಹವೆಯಲ್ಲಿದೆ. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದ ಶೇಷವೇ ಆಗುತ್ತದೆ. ತೇವದ ಹವೆಯಲ್ಲಿ ನಳಿಕೆಯ ಮಸಿ ಮೆತ್ತಗಿರುತ್ತದೆ. ಕೊಲೊರಾಡೊದ ಒಣ ಹವೆಯಲ್ಲಿ ಅದು ಮರಳು ಕಾಗದದಂತಾಗಿ ಮುಂದಿನ ಗುಂಡಿನ ಕಾಗದವನ್ನು ಹರಿಯುತ್ತದೆ. ಕಾಗದವಿಲ್ಲದೆ ಜಿಡ್ಡು ಹಚ್ಚಿದ ಗುಂಡುಗಳನ್ನು ಹೊಡೆಯುವವರು ಕೆಲವು ಹೊಡೆತಗಳಿಗೊಮ್ಮೆ ಒರೆಸಿ ಪಾರಾಗಬಹುದು, ನೀವು ಪ್ರತಿ ಹೊಡೆತದ ನಂತರ ಒರೆಸಲೇಬೇಕು. ನೀರಿನಲ್ಲಿ ಬೆರೆಯುವ ಎಣ್ಣೆಯ ದ್ರಾವಣದಲ್ಲಿ ಅದ್ದಿ ಹಿಂಡಿದ ಬಟ್ಟೆ ಒಮ್ಮೆ, ಒಣ ಬಟ್ಟೆ ಒಮ್ಮೆ. ಚೇಂಬರ್‌ನ ಬಾಯಿಯನ್ನು ಪ್ರತ್ಯೇಕವಾಗಿ ಒಣಗಿಸಿ. ಅಲ್ಲಿ ತೇವ ನಿಂತರೆ ಕಾಗದ ನೆನೆದು ಹರಿಯುತ್ತದೆ, ಅದೂ ಬಳೆಗೆ ಇನ್ನೊಂದು ಕಾರಣ. ತುಂಬುವ ಮುನ್ನ ಹಿಂಬದಿಯಿಂದ ನಳಿಕೆಯೊಳಗೆ ನೋಡಿ, ಕಾಗದದ ಚೂರು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಈ ಪದ್ಧತಿಯನ್ನೇ ಬಿಡುವ ಯೋಚನೆ ಮಾತ್ರ ಬೇಡ. 1874ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್‌ನಲ್ಲಿ 800, 900 ಮತ್ತು 1,000 ಗಜಗಳ ಪಂದ್ಯದಲ್ಲಿ ಅಮೆರಿಕನ್ನರು ಐರ್ಲೆಂಡಿನ ತಂಡವನ್ನು 934-931ರಿಂದ ಸೋಲಿಸಿದ್ದು ರೆಮಿಂಗ್ಟನ್ ಮತ್ತು ಶಾರ್ಪ್ಸ್ ಕೋವಿಗಳಿಂದ. ಆ ಕಾಲದ ದೂರಗುರಿಯ ಪಂದ್ಯಗಳಲ್ಲಿ ಕಾಗದ ಸುತ್ತಿದ ಗುಂಡೇ ವಾಡಿಕೆಯಾಗಿತ್ತು.

ಮೊದಲ ದಿನ ಗೋಂದು ಬಿಟ್ಟು ಪ್ರತಿ ಹೊಡೆತಕ್ಕೂ ಒರೆಸಿ ಹತ್ತು ಗುಂಡು ಹೊಡೆಯಿರಿ, ಬೇರೇನನ್ನೂ ಬದಲಿಸಬೇಡಿ. ಚಿಂದಿಯನ್ನು ಲಕೋಟೆಯಲ್ಲಿ ಹಾಕಿ ಮೇಲೆ ದಿನಾಂಕ ಬರೆದಿಡಿ. ಬಳೆ ಆಗಲೂ ಸಿಕ್ಕರೆ ಕೇಸಿನ ಉದ್ದ, ಆಮೇಲೆ ಮಿಶ್ರಲೋಹ. ಚಿಂದಿ ಶುಭ್ರವಾಗಿ ಸೀಳಿದ್ದರೂ ತೂತು ಮೊಟ್ಟೆಯಾಕಾರದಲ್ಲೇ ಬಿದ್ದರೆ ಕಾಗದದ ತಪ್ಪಿಲ್ಲ, ಆಗ ನಳಿಕೆಯ ಸುರುಳಿ ತೋಡುಗಳ, ಅಂದರೆ ರೈಫ್ಲಿಂಗ್‌ನ ಸುತ್ತನ್ನು ಅಳೆಯಿರಿ: 18 ಅಂಗುಲಕ್ಕೆ ಒಂದು ಸುತ್ತಿರುವ ನಳಿಕೆ ಸುಮಾರು 1.4 ಅಂಗುಲ ಉದ್ದದ ಗುಂಡನ್ನು ಸ್ಥಿರವಾಗಿ ಕಳಿಸುತ್ತದೆ, 22 ಅಂಗುಲಕ್ಕೆ ಒಂದು ಸುತ್ತಿದ್ದರೆ ಅದಕ್ಕಿಂತ ಮೋಟು ಗುಂಡಿನ ಅಚ್ಚು ಬೇಕಾಗುತ್ತದೆ.