ನಾನಿಲ್ಲದ ಮೇಲೆ ನನ್ನ ಫೋನ್ ಯಾರ ಕೈಗೆ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 62 ವರ್ಷ. ಕಳೆದ ತಿಂಗಳು ಹೃದಯದ ಆಪರೇಷನ್ ಆಯಿತು. ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ನಿದ್ದೆ ಬರಲಿಲ್ಲ. ಹದಿನೈದು ವರ್ಷದ ಫೋಟೋ, ತಂದೆಯವರ ಕೈಬರಹದ ಸ್ಕ್ಯಾನ್, ವಿಮೆಯ ಕಾಗದ ಎಲ್ಲವೂ ನನ್ನ ಜಿಮೇಲ್ ಅಕೌಂಟ್‌ನಲ್ಲೇ ಇವೆ. ಹೆಂಡತಿಗೆ ನನ್ನ ಫೋನ್ ಲಾಕ್ ತೆಗೆಯಲೂ ಬರುವುದಿಲ್ಲ. ಮಗಳಿಗೆ ಪಾಸ್‌ವರ್ಡ್ ಕೊಟ್ಟರೆ ಸಾಕೇ? ಮನೆಯಲ್ಲಿ ಮಾತು ಎತ್ತಿದರೆ ‘ಬಿಡ್ತು ಅನ್ನಿ’ ಎನ್ನುತ್ತಾರೆ.

ಉತ್ತರ: ಸರ್, ಮನೆಗೆ ಬಂದು, ಕೂತು ಈ ಪತ್ರ ಬರೆದಿದ್ದೀರಿ. ಓದಿ ಸಮಾಧಾನವಾಯಿತು. ‘ಬಿಡ್ತು ಅನ್ನಿ’ ಎನ್ನುವವರ ಮೇಲೆ ಬೇಸರ ಬೇಡ, ಅದು ಪ್ರೀತಿಯಿಂದ ಬರುವ ಮಾತು. ಆದರೆ ನೀವು ಮಾತು ನಿಲ್ಲಿಸಬೇಡಿ. ಯಾಕೆ ಅಂತ ನಮ್ಮ ಮನೆಯ ಕತೆಯಿಂದಲೇ ಹೇಳುತ್ತೇನೆ.

ನನ್ನ ಅಣ್ಣ ಆರು ವರ್ಷದ ಹಿಂದೆ ತೀರಿಕೊಂಡ. ರಾತ್ರಿ ಮಲಗಿದವನು ಏಳಲಿಲ್ಲ. ಅವನ ಫೋನ್ ಚಾರ್ಜಿಗೆ ಹಾಕಿದ ಹಾಗೇ ಇತ್ತು. ಬೆಳಗ್ಗೆ ಆರಕ್ಕೆ ಅವನಿಟ್ಟಿದ್ದ ಅಲಾರಂ ಹೊಡೆಯಿತು. ಮರುದಿನವೂ ಹೊಡೆಯಿತು. ಅತ್ತಿಗೆ ದಿನಾ ಬೆರಳಲ್ಲಿ ಸರಿಸಿ ಅದನ್ನು ಸುಮ್ಮನಾಗಿಸುತ್ತಿದ್ದರು. ಪೂರ್ತಿ ತೆಗೆದುಹಾಕಲು ಪಿನ್ ಬೇಕಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಮದುವೆಯ ದಿನ, ಮಗಳು ಹುಟ್ಟಿದ ವರ್ಷ, ಗಾಡಿ ನಂಬರ್ ಎಲ್ಲ ಹಾಕಿ ನೋಡಿದೆವು. ಒಂದೊಂದು ತಪ್ಪಿಗೂ ಕಾಯುವ ಹೊತ್ತು ಜಾಸ್ತಿ ಆಗುತ್ತಾ ಹೋಯಿತು.

ಆಮೇಲೆ ನಾನು ಮಾಡಿದ ತಪ್ಪು ಅದಕ್ಕಿಂತ ದೊಡ್ಡದು. ಎರಡು ತಿಂಗಳು ಕಳೆದ ಮೇಲೆ, ಸುಮ್ನೆ ಯಾಕೆ ದುಡ್ಡು ಕಟ್ಟುವುದು ಅಂತ ಅವನ ಸಿಮ್ ನಿಲ್ಲಿಸಿಬಿಟ್ಟೆ. ಅದಾದ ವಾರಕ್ಕೆ ಹಳೇ ಡೈರಿಯಲ್ಲಿ ಅವನ ಇಮೇಲ್ ಪಾಸ್‌ವರ್ಡ್ ಸಿಕ್ಕಿತು. ಹಾಕಿದರೆ ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಆದರೆ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ, ಅದನ್ನು ಹಾಕಿ ಅಂತ ಬಂತು. ಆ ನಂಬರೇ ಈಗ ಇಲ್ಲವಲ್ಲ! ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೋ ಆ ಅಕೌಂಟಿನಲ್ಲೇ ಇತ್ತು. ಅತ್ತಿಗೆ ಇವತ್ತಿನವರೆಗೂ ನನ್ನನ್ನು ಒಂದು ಮಾತು ಅಂದಿಲ್ಲ. ಆ ವಿಡಿಯೋ ಮಾತ್ರ ಸಿಗಲಿಲ್ಲ.

ಹಾಗಾಗಿ ಸರ್, ಪಾಸ್‌ವರ್ಡ್ ಒಂದೇ ಸಾಲದು. ಈಗ ಒಂದು ಬೀಗಕ್ಕೆ ಮೂರು ಕೀಲಿ. ಫೋನಿನ ಪಿನ್, ಚಾಲ್ತಿಯಲ್ಲಿರುವ ಸಿಮ್, ಆಮೇಲೆ ಪಾಸ್‌ವರ್ಡ್. ಬೆರಳಚ್ಚು, ಮುಖ ಗುರುತು ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಫೋನ್ ಒಮ್ಮೆ ಆಫ್ ಆಗಿ ಆನ್ ಆದರೆ ಅದು ಕೇಳುವುದು ಪಿನ್ನನ್ನೇ. ಎಲ್ಲ ಅಕೌಂಟುಗಳ ಕೆಲಸ ಮುಗಿಯುವವರೆಗೆ ಸಿಮ್ ನಿಲ್ಲಿಸಬಾರದು ಅಂತ ಮನೆಯವರಿಗೆ ಈಗಲೇ ಹೇಳಿಡಿ. ನಿಲ್ಲಿಸಿದ ನಂಬರನ್ನು ಸ್ವಲ್ಪ ಕಾಲದ ಮೇಲೆ ಬೇರೆ ಯಾರಿಗೋ ಕೊಟ್ಟುಬಿಡುತ್ತಾರೆ. ಆಗ ನಿಮ್ಮ ಓಟಿಪಿ ಹೋಗುವುದು ಅವರಿಗೆ.

ನಿಮ್ಮದು ಜಿಮೇಲ್ ಅಂದಿರಿ. ಹಾಗಾದರೆ ಪಾಸ್‌ವರ್ಡ್ ಕೊಡದೆಯೂ ಒಂದು ದಾರಿ ಇದೆ. ಗೂಗಲ್ ಅದನ್ನು 2013ರಲ್ಲೇ ಮಾಡಿಟ್ಟಿದೆ, ನಮ್ಮಲ್ಲಿ ನೋಡಿದವರು ಕಡಿಮೆ. ಹೆಸರು ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’. ಈ ಹೆಸರನ್ನೇ ಹಾಕಿ ಹುಡುಕಿದರೆ ಸಿಗುತ್ತದೆ. ನೀವು ಎಷ್ಟು ತಿಂಗಳು ಅಕೌಂಟ್ ಮುಟ್ಟದಿದ್ದರೆ ಗೂಗಲ್ ಮುಂದಿನ ಹೆಜ್ಜೆ ಇಡಬೇಕು ಅಂತ ನೀವೇ ಹೇಳಬೇಕು. 3, 6, 12, 18 ತಿಂಗಳು ಅಂತ ಆಯ್ಕೆ ಇರುತ್ತದೆ. ಹತ್ತು ಜನರವರೆಗೆ ಹೆಸರು ಕೊಡಬಹುದು. ಯಾರಿಗೆ ಏನು ಅಂತ ಬೇರೆ ಬೇರೆಯಾಗಿ ಆರಿಸಬಹುದು. ಮಗಳಿಗೆ ಫೋಟೋ ಮತ್ತು ಡ್ರೈವ್ (ಗೂಗಲ್‌ನಲ್ಲಿ ಕಾಗದಪತ್ರ ಇಡುವ ಜಾಗ) ಇರಲಿ, ಇಮೇಲ್ ಬೇಡ ಅಂದರೆ ಅದೂ ಆಗುತ್ತದೆ. ಗಡುವು ಮುಗಿಯುವ ಮುಂಚೆ ಗೂಗಲ್ ನಿಮಗೇ ಮೆಸೇಜ್, ಮೇಲ್ ಕಳಿಸಿ ವಿಚಾರಿಸುತ್ತದೆ. ನಿಮ್ಮಿಂದ ಉತ್ತರ ಬರದಿದ್ದರೆ ಮಾತ್ರ ಮಗಳಿಗೆ ಮೇಲ್ ಹೋಗುತ್ತದೆ. ಅವಳ ಫೋನಿಗೆ ಬರುವ ಕೋಡ್ ಹಾಕಿ ಅವಳು ಎಲ್ಲವನ್ನೂ ಇಳಿಸಿಕೊಳ್ಳಬಹುದು. ಅದಕ್ಕೆ ಮೂರು ತಿಂಗಳ ಕಾಲಾವಕಾಶ ಇರುತ್ತದೆ.

ಇವತ್ತು ಹೆಸರು ಹಾಕಿದರೆ ಇವತ್ತೇ ಅವಳಿಗೆ ಸುದ್ದಿ ಹೋಗುವುದಿಲ್ಲ. ನೀವೇ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಅಂಥ ಮೇಲ್ ಬಂದಾಗ ಮೋಸದ ಮೇಲ್ ಅಂತ ಅಳಿಸಿಬಿಟ್ಟಾಳು. ಅಲ್ಲೇ ಅವಳಿಗೆ ಒಂದು ಸಣ್ಣ ಪತ್ರ ಬರೆದಿಡಲೂ ಜಾಗ ಇದೆ. ನಾನು ನನ್ನ ಮಗನಿಗೆ ಬರೆಯಲು ಕೂತಾಗ ನಾಲ್ಕು ಸಾಲಿಗೆ ಒಂದು ಇಡೀ ಸಂಜೆ ಹಿಡಿಯಿತು. ನಿಮಗೂ ಹೊತ್ತು ಹಿಡಿಯಬಹುದು, ಅವಸರ ಮಾಡಬೇಡಿ.

ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ? ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಅಕೌಂಟನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ಫೋಟೋಗಳೂ ಅದರ ಜೊತೆಗೇ ಹೋಗುತ್ತವೆ.

ನಿಮ್ಮ ಕೈಯಲ್ಲಿರುವುದು ಐಫೋನ್ ಆದರೆ ಅದರಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಅಂತ ಇದೆ, ಅಂದರೆ ನೀವಿಲ್ಲದ ಮೇಲೆ ನಿಮ್ಮ ಅಕೌಂಟ್ ನೋಡಿಕೊಳ್ಳಲು ನೀವೇ ಹೆಸರಿಸಿದವರು. 2021ರ ಡಿಸೆಂಬರಿನಲ್ಲಿ ಬಂದದ್ದು. ಹೆಸರು ಸೇರಿಸಿದಾಗ ಒಂದು ‘ಆಕ್ಸೆಸ್ ಕೀ’, ಅಂದರೆ ಒಂದು ಗುಪ್ತ ಕೋಡ್, ಕೊಡುತ್ತದೆ. ಅದನ್ನು ಪ್ರಿಂಟ್ ತೆಗೆದು ಮಗಳ ಕೈಗೆ ಕೊಡಿ. ಮುಂದೆ ಆ ಕೀ ಮತ್ತು ಮರಣ ಪ್ರಮಾಣಪತ್ರ ಎರಡನ್ನೂ ಕೊಟ್ಟರೆ ಆ್ಯಪಲ್ ಮೂರು ವರ್ಷದ ಮಟ್ಟಿಗೆ ಅಕೌಂಟ್ ತೆರೆದುಕೊಡುತ್ತದೆ. ಫೋಟೋ, ಮೆಸೇಜ್, ನೋಟ್ಸ್ ಸಿಗುತ್ತವೆ. ಕೀಚೈನ್‌ನಲ್ಲಿ (ಆ್ಯಪಲ್ ಪಾಸ್‌ವರ್ಡ್ ಜೋಪಾನ ಮಾಡುವ ಜಾಗ) ಉಳಿಸಿದ ಪಾಸ್‌ವರ್ಡ್‌ಗಳು ಸಿಗುವುದಿಲ್ಲ.

ತಂದೆಯವರ ಕೈಬರಹ ಮಾತ್ರ ಇದಕ್ಕೆಲ್ಲ ಕಾಯಬಾರದು. ಈ ಭಾನುವಾರವೇ ಪೆನ್‌ಡ್ರೈವ್‌ಗೆ ಹಾಕಿ ಮಗಳಿಗೆ ಒಂದು ಪ್ರತಿ ಕೊಡಿ. ಬದುಕಿದ್ದಾಗಲೇ ಕೊಡಬಹುದಾದ್ದನ್ನು ಆಮೇಲಿಗೆ ಅಂತ ಇಡುವುದು ಯಾಕೆ? ಇನ್ನು ನಿಮ್ಮ ಮನೆಯವರಿಗೆ ಪಿನ್ ಹೇಳಿದರೆ ಸಾಲದು. ಅವರ ಕೈಯಿಂದಲೇ ಫೋನ್ ಹತ್ತು ಸಲ ತೆಗೆಸಿ. ವಿಮೆಯ ಕಾಗದ ಎಲ್ಲಿದೆ ಅಂತ ಅವರೇ ಹುಡುಕಿ ತೋರಿಸಲಿ. ಬೇಕಾದರೆ ಸಿಟ್ಟು ಮಾಡಿಕೊಳ್ಳಲಿ, ಕಲಿಯಲಿ.

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು ಹೋಗಿ ಎರಡು ವರ್ಷ ಆಯಿತು. ಅವರ ಹುಟ್ಟಿದ ದಿನ ಫೇಸ್‌ಬುಕ್ ಎಲ್ಲರಿಗೂ ನೆನಪಿಸುತ್ತದೆ. ವಿಷಯ ಗೊತ್ತಿಲ್ಲದವರು ‘ನೂರು ಕಾಲ ಸುಖವಾಗಿ ಬಾಳಿ’ ಅಂತ ಬರೆಯುತ್ತಾರೆ. ನನಗೆ ಓದಲು ಆಗುವುದಿಲ್ಲ. ಅಕೌಂಟ್ ಅಳಿಸೋಣ ಅಂದರೆ ಅವರು ಬರೆದದ್ದೆಲ್ಲ ಹೋಗುತ್ತದೆ. ಏನು ಮಾಡಲಿ?

ಉತ್ತರ: ಅಳಿಸಬೇಡಮ್ಮ. ಆ ಸಾಲು ಓದಿ ನನಗೂ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಇದಕ್ಕೆ ದಾರಿ ಇದೆ. ಫೇಸ್‌ಬುಕ್‌ಗೆ ಮರಣದ ದಾಖಲೆ ಕಳಿಸಿ, ಈ ಅಕೌಂಟನ್ನು ‘ಮೆಮೊರಿಯಲೈಸ್’ ಮಾಡಿ, ಅಂದರೆ ನೆನಪಿನ ಪುಟವಾಗಿಸಿ, ಅಂತ ಕೇಳಿಕೋ. ಅವರ ಹೆಲ್ಪ್ ಸೆಂಟರ್‌ನಲ್ಲಿ ಅದಕ್ಕೆ ಒಂದು ಫಾರಂ ಇದೆ. ಆಮೇಲೆ ನಿನ್ನ ಯಜಮಾನರ ಹೆಸರಿನ ಜೊತೆ ‘ರಿಮೆಂಬರಿಂಗ್’ ಅಂತ ಬರುತ್ತದೆ. ಹುಟ್ಟುಹಬ್ಬದ ನೆನಪೋಲೆ ನಿಲ್ಲುತ್ತದೆ. ಅವರು ಬರೆದದ್ದು, ಹಾಕಿದ ಫೋಟೋ ಹಾಗೇ ಉಳಿಯುತ್ತವೆ.

ಒಂದು ಮಾತು ನೆನಪಿಡು. ಹಾಗೆ ಮಾಡಿದ ಮೇಲೆ ಪಾಸ್‌ವರ್ಡ್ ಗೊತ್ತಿದ್ದರೂ ಯಾರೂ ಒಳಗೆ ಹೋಗಲು ಆಗುವುದಿಲ್ಲ. ಅದಕ್ಕೇ ಮೊದಲು ಒಂದು ದಿನ ಕೂತು, ಅವರ ಪುಟದಲ್ಲಿ ನಿನಗೆ ಬೇಕು ಅನ್ನಿಸಿದ ಫೋಟೋಗಳನ್ನು ನಿನ್ನ ಫೋನಿಗೆ ಇಳಿಸಿಕೋ. ಒಬ್ಬಳೇ ಕೂರಬೇಡ, ಜೊತೆಗೆ ಯಾರಾದರೂ ಇರಲಿ. ಮುಂದೆ ಎಂದಾದರೂ ಅಳಿಸಲೇಬೇಕು ಅನ್ನಿಸಿದರೆ ಹತ್ತಿರದ ಸಂಬಂಧಿಯಾಗಿ ಕೇಳಿ ಅಳಿಸಬಹುದು. ಅಳಿಸಿದ್ದನ್ನು ಮಾತ್ರ ಯಾರೂ ವಾಪಸ್ ಕೊಡಲಾರರು, ಅಲ್ವಾ?

ಹಾಗೇ ನಿನ್ನ ಅಕೌಂಟಿಗೂ ಒಬ್ಬ ‘ಲೆಗಸಿ ಕಾಂಟ್ಯಾಕ್ಟ್’ ಹೆಸರು ಹಾಕಿಡು. ಫೇಸ್‌ಬುಕ್‌ನಲ್ಲಿ ಇದು 2015ರಿಂದ ಇದೆ. ನಿನ್ನ ಕಾಲದ ನಂತರ ಅವರು ನಿನ್ನ ಪುಟದ ಮೇಲ್ಗಡೆ ಒಂದು ಮಾತು ಬರೆಯಬಹುದು, ಪ್ರೊಫೈಲ್ ಫೋಟೋ ಬದಲಾಯಿಸಬಹುದು. ನಿನ್ನ ಮೆಸೇಜುಗಳನ್ನು ಓದಲು ಅವರಿಗೆ ಆಗುವುದಿಲ್ಲ.

ಪ್ರಶ್ನೆ: ಎಲ್ಲ ಪಾಸ್‌ವರ್ಡ್‌ಗಳನ್ನು ವಿಲ್‌ನಲ್ಲೇ ಬರೆದುಬಿಟ್ಟರೆ ಹೇಗೆ?

ಉತ್ತರ: ಬೇಡ. ವಿಲ್ ಹಲವರ ಕೈ ದಾಟುತ್ತದೆ. ಪಾಸ್‌ವರ್ಡ್ ಆಗಾಗ ಬದಲಾಗುತ್ತದೆ, ಪ್ರತಿ ಸಲ ವಿಲ್ ತಿದ್ದಲು ಆಗುತ್ತದೆಯೇ? ಯಾರು ನೋಡಿಕೊಳ್ಳಬೇಕು, ಪಟ್ಟಿ ಎಲ್ಲಿದೆ, ಇಷ್ಟು ಮಾತ್ರ ಅದರಲ್ಲಿ ಇದ್ದರೆ ಸಾಕು. ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲ ಪಾಸ್‌ವರ್ಡ್ ಒಂದೇ ಕಡೆ ಜೋಪಾನ ಮಾಡುವ ಆ್ಯಪ್) ಬಳಸುವವರಿಗೆ ಇನ್ನೂ ಸುಲಭ. ಬಿಟ್‌ವಾರ್ಡನ್‌ನಂಥವುಗಳಲ್ಲಿ ‘ಎಮರ್ಜೆನ್ಸಿ ಆಕ್ಸೆಸ್’ ಇದೆ. ನೀವು ಹೆಸರಿಸಿದವರು ಬಾಗಿಲು ತೆರೆಯಿರಿ ಅಂತ ಕೇಳುತ್ತಾರೆ. ನೀವು ಗೊತ್ತುಮಾಡಿದಷ್ಟು ದಿನದೊಳಗೆ ಬೇಡ ಅನ್ನದಿದ್ದರೆ ತೆರೆಯುತ್ತದೆ. ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣವನ್ನು ನಿಮ್ಮದೇ ವಾಲೆಟ್‌ನಲ್ಲಿ ಇಟ್ಟಿದ್ದರೆ, ಅದನ್ನು ಮತ್ತೆ ತೆರೆಯಲು ಬೇಕಾದ 12 ಅಥವಾ 24 ಪದಗಳನ್ನು ಬರೆದ ಕಾಗದ ಎಲ್ಲಿದೆ ಅಂತ ಒಬ್ಬರಿಗಾದರೂ ಗೊತ್ತಿರಬೇಕು. ಆ ಪದಗಳು ಕಳೆದರೆ ಹೋಗಿ ಕೇಳಲು ಯಾವ ಕಚೇರಿಯೂ ಇಲ್ಲ.

ನನ್ನದು ಒಂದು ನೀಲಿ ರಟ್ಟಿನ ನೋಟ್‌ಬುಕ್. ಎಡಗಡೆ ಅಕೌಂಟಿನ ಹೆಸರು. ಬಲಗಡೆ ಏನು ಮಾಡಬೇಕು ಅಂತ: ‘ಇಟ್ಟುಕೋ’, ‘ಮುಚ್ಚು’, ‘ತೆರೆಯದೆ ಅಳಿಸು’. ಪಾಸ್‌ವರ್ಡ್ ಅದರಲ್ಲಿಲ್ಲ, ಅದು ಬೇರೆ ಲಕೋಟೆಯಲ್ಲಿದೆ. ಪ್ರತಿ ಜನವರಿಯಲ್ಲಿ ಎರಡನ್ನೂ ತೆಗೆದು ತಿದ್ದುತ್ತೇನೆ. ‘ತೆರೆಯದೆ ಅಳಿಸು’ ಅಂತ ಎರಡು ಕಡೆ ಬರೆದಿದ್ದೇನೆ. ಎಲ್ಲವನ್ನೂ ಎಲ್ಲರಿಗೂ ಬಿಟ್ಟುಹೋಗಬೇಕು ಅಂತ ಏನೂ ಇಲ್ಲ. ನೋಟ್‌ಬುಕ್ಕನ್ನು ಮಗನಿಗೆ ತೋರಿಸಿದೆ. ಅವನು ನಿಧಾನಕ್ಕೆ ಓದಿದ. ಆ ಎರಡು ಸಾಲಿನ ಮೇಲೆ ಬೆರಳು ಇಟ್ಟ. ಏನೂ ಕೇಳಲಿಲ್ಲ. “ಆಯ್ತಮ್ಮ, ಹಾಗೇ ಮಾಡ್ತೀನಿ” ಅಂದ.